ಹಿಲ್ಡಿ ಕೈಯಾಗಿನ ಸೂಟ್‌ಕೇಸು

ಅಕ್ಕಾರ, ವೈನಿಯಾರ, ಈ ಸಲ ಉಪ್ಪಿನಕಾಯಿ-ಹಪ್ಪಳದ ಸುದ್ದಿ ಬ್ಯಾಡ. ಒಂದು ಹಳೇ ಸಿನಿಮಾದ ಮಾತಾಡೋಣು. 1940ರ ಅಮೆರಿಕಾದ ಸಿನಿಮಾ, ಕಪ್ಪು-ಬಿಳಿಪಿಂದು, ಹೆಸರು ‘ಹಿಸ್ ಗರ್ಲ್ ಫ್ರೈಡೇ’. ಹೊವರ್ಡ್ ಹಾಕ್ಸ್ ಅದರ ನಿರ್ದೇಶಕ. ಪೇಪರಿನವರ ಕಥಿ, ಬರೇ ಒಂದೂವರಿ ತಾಸಿಂದು. ಆದ್ರ ಇದನ್ನ ನೋಡ್ಕೋತ ಕಾಯಿಪಲ್ಯ ಹೆಚ್ಚೂದು ಆಗಂಗಿಲ್ಲ. ಒಬ್ಬರ ಮಾತು ಮುಗಿಯೂದ್ರಾಗ ಇನ್ನೊಬ್ಬರು ಸುರು ಮಾಡಿರ್ತಾರ. ಹಾಕ್ಸ್ ಬೇಕಂತನ ಹಂಗ ಮಾಡಿಸ್ಯಾನ. ಮದುವಿ ಮನಿಯೊಳಗ ನಾಕು ಮಂದಿ ಹೆಣ್ಮಕ್ಕಳು ಒಮ್ಮೆಲೆ ಮಾತಾಡಿಧಂಗ ಇರ್ತದ, ಆದ್ರೂ ಎಲ್ಲಾ ತಿಳೀತದ.

ಹಿಲ್ಡಿ ಜಾನ್ಸನ್ ಭಾಳ ಹುಷಾರ್ ವರದಿಗಾರ್ತಿ. ರೋಸಲಿಂಡ್ ರಸೆಲ್ ಈ ಪಾತ್ರ ಮಾಡ್ಯಾಳ. ವಾಲ್ಟರ್ ಬರ್ನ್ಸ್ ಅಂದ್ರ ಕ್ಯಾರಿ ಗ್ರಾಂಟ್. ಅಂವ ಆಕಿ ಸಂಪಾದಕನೂ ಹೌದು, ಆಕಿ ಕಡಿಂದ ಸೋಡಚೀಟಿ ತಗೊಂಡ ಗಂಡನೂ ಹೌದು. ‘ನನಗ ಈ ಕೆಲಸ ಸಾಕು, ನಾಳೆ ನನ್ನ ಮದುವಿ’ ಅಂತ ಹೇಳಲಿಕ್ಕೆ ಆಕಿ ಆಫೀಸಿಗೆ ಬರ್ತಾಳ. ವರ ಬ್ರೂಸ್, ಆಲ್ಬನಿ ಊರಿನ ಇನ್ಶೂರೆನ್ಸ್ ಏಜೆಂಟ್, ಪಾಪದ ಮನಷ್ಯಾ. ವಾಲ್ಟರ್ ಸುಮ್ಮನ ಬಿಡ್ತಾನೇನು? ಮರುದಿನ ಗಲ್ಲಿಗೆ ಹೋಗೋ ಅರ್ಲ್ ವಿಲಿಯಮ್ಸ್‌ನ ಸುದ್ದಿ ನೀನ ಬರೀಬೇಕು ಅಂತ ಗಂಟು ಬೀಳ್ತಾನ. ಆಮ್ಯಾಲೆ ಏನು ಕೇಳ್ತೀರಿ! ಬ್ರೂಸ್ ಮ್ಯಾಲಿಂದ ಮ್ಯಾಲೆ ಜೈಲಿಗೆ ಹೋಗ್ತಾನ, ಪಾರಾದ ಕೈದಿ ಪತ್ರಕರ್ತರ ಖೋಲಿಯೊಳಗಿನ ಮೇಜಿನಾಗ ಮುದುಡಿಕೊಂಡು ಕೂಡ್ತಾನ, ಬ್ರೂಸನ ತಾಯಿನ್ನ ಯಾರೋ ಎತ್ತಿಕೊಂಡು ಹೋಗ್ತಾರ.

ಮೊದಲ ಸಲ ನೋಡಿದಾಗ ನಕ್ಕು ನಕ್ಕು ಹೊಟ್ಟಿ ಹುಣ್ಣಾಗಿತ್ತು. ಈಗ ಮತ್ತ ನೋಡಿದಾಗ ಮಾಲಿ ಅನ್ನೋ ಹುಡುಗಿ ಕಣ್ಣಿಗೆ ಬಿದ್ದಳು. ಆ ಕೈದಿ ಮ್ಯಾಲೆ ದಯಾ ತೋರಿಸಿದಾಕಿ ಆಕಿ. ಪೇಪರಿನವರು ಆಕಿನ್ನ ಅವನ ಪ್ರೇಯಸಿ ಅಂತ ಬರದುಬಿಟ್ಟಾರ. ಹಿಂಗ ಯಾಕ ಬರದ್ರಿ ಅಂತ ಕೇಳಲಿಕ್ಕೆ ಬಂದ್ರ, ಇಸ್ಪೀಟಾಡ್ಕೋತ ಚಾಷ್ಟಿ ಮಾಡ್ತಾರ. ಅಳೋ ಹುಡುಗಿನ್ನ ಕೈ ಹಿಡಿದು ಹೊರಗ ಕರಕೊಂಡು ಹೋಗಾಕಿ ಹಿಲ್ಡಿ ಒಬ್ಬಾಕಿನ. ಮುಂದ ಕೈದಿ ಎಲ್ಲಿದ್ದಾನ ಹೇಳು ಅಂತ ಅವರೆಲ್ಲಾ ಮುತ್ತಿಕೊಂಡಾಗ, ಮಾಲಿ ಕಿಡಕಿಯಿಂದ ಜಿಗೀತಾಳ. ನಗೋ ಸಿನಿಮಾದಾಗ ಇಂಥಾದ್ದು! ಹಿಲ್ಡಿಗೆ ಈ ಧಂಧೆ ಯಾಕ ಬ್ಯಾಸರಾಗಿತ್ತು ಅನ್ನೂದು ಅಲ್ಲಿ ತಿಳೀತದ.

ಇನ್ನೊಂದು ಮಾತು. ಈ ಕಥಿ ಮೊದಲ 1928ರಾಗ ‘ದಿ ಫ್ರಂಟ್ ಪೇಜ್’ ಅಂತ ನಾಟಕ ಇತ್ತು. ಬೆನ್ ಹೆಕ್ಟ್, ಚಾರ್ಲ್ಸ್ ಮ್ಯಾಕಾರ್ಥರ್ ಅಂತ ಬರದವರಿಬ್ಬರು, ಇಬ್ಬರೂ ಶಿಕಾಗೋದಾಗ ವರದಿಗಾರರಾಗಿದ್ದವರು. 1931ರಾಗ ಅದು ಸಿನಿಮಾನೂ ಆತು. ಆ ನಾಟಕದಾಗ ಹಿಲ್ಡಿ ಗಂಡಸು! ಅಂವನೂ ಮದುವಿ ಸಲುವಾಗಿ ಪೇಪರ್ ಬಿಡಾಂವ. ಬಿಟ್ಟು ಎಲ್ಲಿಗೆ ಹೋಗಾಂವ? ನ್ಯೂಯಾರ್ಕಿಗೆ, ಜಾಹೀರಾತಿನ ನೌಕರಿಗೆ. ಹಾಕ್ಸ್ ಅದ ಹಿಲ್ಡಿನ್ನ ಹೆಣ್ಣು ಮಾಡಿದ. ಕೆಲಸ ಬಿಟ್ಟು ಈಕಿ ಎಲ್ಲಿಗೆ? ಆಲ್ಬನಿಗೆ, ಮೊದಲನೇ ವರ್ಷ ಅತ್ತಿ ಮನಿಯೊಳಗ. ಹೆಸರು ಅದ, ಹುಷಾರಕಿ ಅದ. ಆದ್ರ ಅವನಿಗೆ ಇನ್ನೊಂದು ನೌಕರಿ, ಈಕಿಗೆ ನೌಕರೀನ ಇಲ್ಲ.

ಮನಿ ನಡಸೂದು ಸಣ್ಣ ಕೆಲಸ ಅಂತ ನಾ ಅನ್ನಂಗಿಲ್ಲ, ನಿಮಗೂ ಗೊತ್ತದ ಅದು ಎಷ್ಟರದು ಅಂತ. ಹಿಲ್ಡಿಗೆ ಮನಿ, ಮಕ್ಕಳು, ನೆಮ್ಮದಿ ಬೇಕನ್ನಿಸಿದ್ದು ಸುಳ್ಳಲ್ಲ. ಟೈಪ್‌ರೈಟರ್ ಮುಂದ ಕೂತಾಗ ಎದುರಿಗೆ ನಿಂತ ಬ್ರೂಸನ ಮಾತು ಆಕಿ ಕಿವಿಗೆ ಬೀಳಂಗಿಲ್ಲ, ಅದೂ ಸುಳ್ಳಲ್ಲ. ಎರಡೂ ಆಕಿವ. ಬ್ರೂಸ್ ಒಳ್ಳೆಯಾಂವ, ಆದ್ರ ಆಕಿಗೆ ಕೆಲಸ ಅಂದ್ರ ಏನು ಅಂತ ಅವಗ ಗೊತ್ತಿಲ್ಲ. ವಾಲ್ಟರ್‌ಗ ಪೂರಾ ಗೊತ್ತು, ಆದ್ರ ಗೊತ್ತಿದ್ದದ್ದನ್ನ ಆಕಿನ್ನ ಕಟ್ಟಿಹಾಕಲಿಕ್ಕೆ ಬಳಸ್ತಾನ. ‘ನಿನಗ ಎರಡೂ ಬೇಕೇನು?’ ಅಂತ ಇಬ್ಬರಾಗ ಒಬ್ಬನೂ ಕೇಳಂಗಿಲ್ಲ.

ಹೆಸರ ನೋಡ್ರಿ. ರಾಬಿನ್ಸನ್ ಕ್ರೂಸೋ ಕಥಿಯೊಳಗ ಅವನ ಆಳಿನ ಹೆಸರು ಫ್ರೈಡೇ. ಅದರ ಮ್ಯಾಲಿಂದ ‘ಗರ್ಲ್ ಫ್ರೈಡೇ’ ಅಂದ್ರ ಕರದಲ್ಲೆ ಬಂದು ಎಲ್ಲಾ ಕೆಲಸ ಮಾಡಿಕೊಡಾಕಿ. ಇಡೀ ಸಿನಿಮಾ ಹೊತ್ತಾಕಿ ಹಿಲ್ಡಿ, ಹೆಸರು ಮಾತ್ರ ‘ಅವನ’ ಲೆಕ್ಕದಾಗ.

ಕಡೀಕ ಹಿಲ್ಡಿ, ವಾಲ್ಟರ್ ಮತ್ತ ಮದುವಿ ಆಗೂದು ಅಂತ ಠರಾಸ್ತದ. ಹನಿಮೂನು ನಯಾಗರಾಕ್ಕ. ಅಷ್ಟರಾಗ ಆಲ್ಬನಿಯೊಳಗ ಕಾರ್ಮಿಕರ ಮುಷ್ಕರ ಅಂತ ಸುದ್ದಿ ಬರ್ತದ, ಅಲ್ಲಿಗೇ ಹೊಂಡ್ತಾರ. ಅಂವ ಕೈ ಬೀಸಿಕೊಂಡು ಮುಂದ, ಈಕಿ ಸೂಟ್‌ಕೇಸು ಹೊತ್ಕೊಂಡು ಹಿಂದ.

ಒಮ್ಮೆ ನೋಡ್ರಿ. ಮನಿಯವರನ್ನೂ ಬಾಜೂಕ ಕೂಡಿಸಿಕೊಳ್ರಿ. ಸೂಟ್‌ಕೇಸು ಬಂದಾಗ ಅವರು ನಗ್ತಾರೋ ಸುಮ್ಮನಾಗ್ತಾರೋ ನನಗ ಹೇಳ್ರಿ.