ಕತ್ತಿನ ಗೆರೆ

ಇಂಟರ್ನಲ್ಸ್ ಮುಗಿದ ವಾರ ನಾವು ನಾಲ್ಕು ಜನ ರೂಮ್‌ಮೇಟ್ಸ್ ಸ್ಕೈರಿಮ್‌ನಲ್ಲಿ ನಮ್ಮದೇ ಒಬ್ಬ ಹೀರೋನ ಮಾಡೋಣ ಅಂತ ಕೂತ್ವಿ. (2011ರ ಗೇಮ್. ನಮ್ಮ ಲ್ಯಾಪ್‌ಟಾಪಿಗೆ ಅದೇ ಜಾಸ್ತಿ.) ನಮ್ಮಲ್ಲೊಬ್ಬನ ಫೋಟೋದಿಂದ ಮುಖಕ್ಕೆ ಬಣ್ಣ ತಗೊಂಡ್ವಿ. ಗೇಮ್ ಓಪನ್ ಮಾಡಿದ್ರೆ ಮುಖ ಕಂದು, ಮೈ ಬಿಳಿ, ಕತ್ತಿನ ಸುತ್ತ ದಾರ ಕಟ್ಟಿದ ಹಾಗೆ ಒಂದು ಗೆರೆ!

ತಲೆ, ಮೈ, ಕೈ ಮೂರಕ್ಕೂ ಬೇರೆ ಬೇರೆ ಟೆಕ್ಸ್ಚರ್ ಫೈಲ್ ಇರುತ್ತೆ. ಮೂರಕ್ಕೂ ಒಂದೇ ಬಣ್ಣ ಹಾಕಿದ್ವಿ. ಗೆರೆ ಹೋಗ್ಲಿಲ್ಲ. ಎರಡು ರಾತ್ರಿ ಕೆಟ್ಟ ಮೇಲೆ ಗೊತ್ತಾಯ್ತು, ತಲೆಯ ನಾರ್ಮಲ್ ಮ್ಯಾಪ್, ಸ್ಪೆಕ್ಯುಲರ್ ಮ್ಯಾಪ್ ಒಂದು ಮಾಡ್‌ದು, ಮೈಯದು ಇನ್ನೊಂದರದ್ದು. ಬಣ್ಣ ಒಂದೇ ಆದ್ರೂ ಬೆಳಕು ಬಿದ್ದಾಗ ಹೊಳೆಯೋ ರೀತಿ ಬೇರೆ. ಎಲ್ಲಾ ಒಂದೇ ಮಾಡ್‌ನಿಂದ ಹಾಕಿದ ಮೇಲೆ ಗೆರೆ ಮಾಯ.

ನಾವು ಕುಣಿದಾಡ್ತಿದ್ರೆ ಫೋಟೋ ಕೊಟ್ಟವನು, "ಸ್ವಲ್ಪ ಬೆಳ್ಳಗೆ ಮಾಡ್ರೋ" ಅಂದ. ನಕ್ವಿ. ಅವನು ನಗ್ಲಿಲ್ಲ. ಶಾಲೆಯಲ್ಲಿ ತನ್ನನ್ನ ಏನಂತ ಕರೀತಿದ್ರು ಅಂತ ಹೇಳಿದ. ಮೆಸ್ಸಲ್ಲಿ ನಾವು ಕೂಗ್ತಿದ್ದದ್ದೂ ಅದೇ ಹೆಸರು.

ಮೌಸ್ ಅವನ ಕೈಗೇ ಕೊಟ್ವಿ. ಸ್ಲೈಡರ್ ಆ ಕಡೆ ಎಳೆದ, ಈ ಕಡೆ ಎಳೆದ, ಕೊನೆಗೆ ಫೋಟೋದ ಬಣ್ಣಕ್ಕೇ ತಂದು ಸೇವ್ ಮಾಡಿದ. ಆ ಹೆಸರು ಬಿಟ್ಟಿದ್ದೀವಿ. ಒಬ್ಬನ ಬಾಯಿಗೆ ಇನ್ನೂ ಆಗಾಗ ಬರುತ್ತೆ, ತಲೆ ಮೇಲೆ ದಿಂಬು ಬೀಳುತ್ತೆ.