ಕೆಳಗಿನ ಅಂಕಿ

ಆಫೀಸಿನಲ್ಲಿ ನನ್ನ ಕೆಲಸ ಡ್ಯಾಶ್‌ಬೋರ್ಡ್ ಮಾಡೋದು. ಹಾಗಾಗಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಸಿಕ್ಕಾಗ, ನಮ್ಮ ಶಿರಹಟ್ಟಿ ಎಲ್ಲಿದೆ ಅಂತ ಹುಡುಕುವ ಮೊದಲು ಲೆಕ್ಕ ಹಾಕಿದ ರೀತಿ ನೋಡಿದೆ. 175 ತಾಲೂಕು, 35 ಸೂಚಕ, ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದ 114 ತಾಲೂಕು ಹಿಂದುಳಿದವು. ಎಂಟು ವರ್ಷಕ್ಕೆ 31,000 ಕೋಟಿಯ ವಿಶೇಷ ಅಭಿವೃದ್ಧಿ ಯೋಜನೆ ಹುಟ್ಟಿದ್ದು ಇದರಿಂದಲೇ. ಬರೀ ಗೋಳಾಡುತ್ತಿದ್ದ ನಮ್ಮ ಕಡೆಯವರ ಕೈಗೆ ಅಂಕಿ ಕೊಟ್ಟ ವರದಿ, ಅದಕ್ಕೊಂದು ನಮಸ್ಕಾರ.

ಅದರಿಂದ ಏನಾಯ್ತು ಅಂತ ನೋಡೋಕೆ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಸಮಿತಿ ಬಂತು. ಅಳೆಯೋರಿಗೆ ನನ್ನದೊಂದೇ ತಕರಾರು. ಹತ್ತು ಸಾವಿರ ಜನಕ್ಕೆ ಎಷ್ಟು ಡಾಕ್ಟರು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಅಂತ ಭಾಗಿಸ್ತಾರಲ್ಲ, ಅಲ್ಲಿ ಮೇಲಿನ ಅಂಕಿ ಹೆಚ್ಚಾದರೂ ಉತ್ತರ ಏರುತ್ತೆ, ಕೆಳಗಿನದು ಕಮ್ಮಿಯಾದರೂ ಏರುತ್ತೆ. ನಮ್ಮ ಓಣಿಯಲ್ಲಿ ನನ್ನ ಜೊತೆ ಎಸ್ಸೆಸ್ಸೆಲ್ಸಿ ಮುಗಿಸಿದ ಒಂಬತ್ತು ಹುಡುಗರಲ್ಲಿ ಈಗ ಊರಲ್ಲಿರೋನು ಒಬ್ಬನೇ. ಉಳಿದವರು ಗೋವಾ, ಮಂಗಳೂರು, ಬೆಂಗಳೂರು. ಒಂದು ಹಾಸಿಗೆಯೂ ಹೆಚ್ಚಾಗದೆ ತಾಲೂಕು ಸುಧಾರಿಸಿದಂತೆ ಕಾಣಬಹುದು. ಊರು ಬಿಟ್ಟವರಿಗೂ ಒಂದು ಕಾಲಂ ಇರಬೇಕು.

ಉಗಾದಿಗೆ ಹೋದಾಗ ಅವ್ವಗೆ ಇದನ್ನೇ ಹೇಳಿದೆ. ಮೆಣಸಿನಕಾಯಿ ತೊಟ್ಟು ಬಿಡಸ್ತಾ ಕೇಳಿಸಿಕೊಂಡಳು.

“ಅಂದ್ರ, ನೀ ಹ್ವಾದಿ ಅಂತ ಊರು ಸುಧಾರಿಸ್ತು ಅನ್ನು?”

“ಲೆಕ್ಕದಾಗ ಹಂಗ ಬೇ.”

“ಆತು ಬಿಡಪಾ. ರಾತ್ರಿ ನಿಮ್ಮಪ್ಪಗ ದಮ್ಮು ಹೆಚ್ಚಾತಂದ್ರ ಗದಗಕ್ಕ ಕರಕೊಂಡು ಹೋಗಾಕ ಯಾರನ್ನ ಎಬ್ಬಸ್ಲಿ?”