ಕಣ್ಣಿಲ್ಲದ ಸೂಜಿ

ಬಸ್‌ ಸ್ಟ್ಯಾಂಡ್‌ ಎದುರು ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಮರದಡಿ ಕೂತಿದ್ದ ಅಜ್ಜ ಚಪ್ಪಲಿ ಹೊಲಿಯುವ ಆರಿ ಕೈಗೆತ್ತಿಕೊಂಡರು. ಇಷ್ಟು ದಿನ ಅದನ್ನು ದಪ್ಪ ಸೂಜಿ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಕಣ್ಣೇ ಇಲ್ಲ! ತುದಿಯ ಬಳಿ ಚಿಕ್ಕದೊಂದು ಕಚ್ಚು, ಅಷ್ಟೇ. ತೊಗಲಿಗೆ ಚುಚ್ಚಿ, ಕೆಳಗಿನಿಂದ ದಾರವನ್ನು ಆ ಕಚ್ಚಿಗೆ ಸಿಕ್ಕಿಸಿ ಮೇಲಕ್ಕೆಳೆದರೆ ಕುಣಿಕೆ ಬರುತ್ತದೆ. ಅದರೊಳಗೆ ಇನ್ನೊಂದು ತುದಿ ತೂರಿಸಿ ಬಿಗಿದರೆ ಒಂದು ಹೊಲಿಗೆ. ಮರದ ಹಿಡಿಯಂತೂ ಅಂಗೈ ಉಜ್ಜಿ ಉಜ್ಜಿ ಹುಣಸೆಬೀಜದ ಹಾಗೆ ಮಿರುಗುತ್ತಿತ್ತು.

ವಚನಕಾರ ಮಾದಾರ ಚೆನ್ನಯ್ಯನ ಅಂಕಿತ ಶುರುವಾಗುವುದೇ ಇದೇ ಕಸುಬಿನ ಕೈಯುಳಿ, ಕತ್ತಿಗಳಿಂದ. ಕಾಲೇಜಿನಲ್ಲಿ ಅದನ್ನು ಬಾಯಿಪಾಠ ಮಾಡಿ ಅಂಕ ತಗೊಂಡಿದ್ದೆ, ಆ ಸಲಕರಣೆಗಳನ್ನು ಕಣ್ಣೆತ್ತಿ ನೋಡಿರಲಿಲ್ಲ.

ಅಜ್ಜ ಕೇಳಿದ್ದು 20 ರೂಪಾಯಿ. ಇಲ್ಲಿ ಮಾತ್ರ ಚೌಕಾಸಿ ಮಾಡಬೇಡಿ, ಮಾರಾಯ್ರೇ.